ಗಂಟೆ ಬಾರಿಸುವ ಮೊದಲು

1980ರ ಅಕ್ಟೋಬರ್ 2ರ ರಾತ್ರಿ ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್ ಆವರಣದಲ್ಲಿ ಕಟ್ಟಿದ್ದ ರಿಂಗನ್ನು ಹತ್ತಿದಾಗ ಮುಹಮ್ಮದ್ ಅಲಿ ಬಹಳ ಚೆನ್ನಾಗಿ ಕಾಣುತ್ತಿದ್ದರು. ವಯಸ್ಸು 38. ಕೆಲವು ತಿಂಗಳ ಹಿಂದೆ ದಪ್ಪಗಾಗಿದ್ದ ಮೈ ಕರಗಿತ್ತು, ನರೆಗೂದಲಿಗೆ ಕಪ್ಪು ಬಿದ್ದಿತ್ತು, ಸೊಂಟ ಹುಡುಗನದಾಗಿತ್ತು. 1974ರಲ್ಲಿ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್ ಅವರನ್ನು ಕೆಡವಿದ ಅಲಿಯೇ ಮರಳಿ ಬಂದರೆಂದು ಜನ ನಂಬಿದರು. ಆ ಮೈಯನ್ನು ಕರಗಿಸಿದ್ದು ಬರೀ ಕಸರತ್ತಲ್ಲ, ಥೈರಾಯ್ಡ್ ಮಾತ್ರೆ. ವೈದ್ಯರು ಬರೆದುಕೊಟ್ಟಿದ್ದಕ್ಕಿಂತ ಹೆಚ್ಚನ್ನೇ ಅವರು ನುಂಗಿದ್ದರು. ಕನ್ನಡಿಯಲ್ಲಿ ರೂಪ ಮರಳಿತ್ತು, ಒಳಗೆ ಕಸುವು ಸೋರಿಹೋಗಿತ್ತು.

ಎದುರಿಗಿದ್ದವರು ಲ್ಯಾರಿ ಹೋಮ್ಸ್. ವಯಸ್ಸು 30, ಆಡಿದ 35 ಪಂದ್ಯಗಳಲ್ಲಿ ಒಂದನ್ನೂ ಸೋತವರಲ್ಲ. ಹಿಂದೆ ಅಲಿಯವರ ಅಭ್ಯಾಸದ ಜೊತೆಗಾರನಾಗಿ ಅವರಿಂದಲೇ ಗುದ್ದು ತಿಂದು ಕಲಿತವರು. ಆ ರಾತ್ರಿ ಮೂವರು ತೀರ್ಪುಗಾರರಲ್ಲಿ ಒಬ್ಬರೂ ಅಲಿಗೆ ಒಂದೇ ಒಂದು ಸುತ್ತನ್ನೂ ಕೊಡಲಿಲ್ಲ. ನಡುನಡುವೆ ಹೋಮ್ಸ್ ಏಟು ತಡೆದು, ಇನ್ನಾದರೂ ನಿಲ್ಲಿಸಬಾರದೇ ಎಂಬಂತೆ ರೆಫರಿಯತ್ತ ನೋಡುತ್ತಿದ್ದರು. ಹತ್ತನೇ ಸುತ್ತು ಮುಗಿದ ಮೇಲೆ ತರಬೇತುದಾರ ಏಂಜೆಲೊ ಡಂಡಿ ಪಂದ್ಯ ನಿಲ್ಲಿಸಿದರು. ಇನ್ನೊಂದು ಸುತ್ತು ಬಿಡಿ ಎಂದು ಅದೇ ಮೂಲೆಯಲ್ಲಿದ್ದ ಬಂಡಿನಿ ಬ್ರೌನ್ ಅಂಗಲಾಚಿದರು. ಡಂಡಿ ಕೇಳಲಿಲ್ಲ. ಗೆದ್ದ ಹೋಮ್ಸ್ ಅತ್ತರು.

ನಾಲ್ಕೂವರೆ ದಶಕದ ಹಿಂದಿನ ಈ ರಾತ್ರಿಯನ್ನು ಈಗ ಎತ್ತಿ ಹೇಳಲು ಕಾರಣವಿದೆ. ಅಲಿಯವರ ಸೋಲು ರಿಂಗಿನಲ್ಲಿ ನಿಶ್ಚಯವಾದದ್ದಲ್ಲ. ಅದೇ ಬೇಸಗೆಯಲ್ಲಿ ಅವರು ಮೇಯೊ ಕ್ಲಿನಿಕ್‌ನಲ್ಲಿ ತಪಾಸಣೆಗೆ ಒಳಗಾಗಿದ್ದರು. ಬೆರಳಿನಿಂದ ಮೂಗು ಮುಟ್ಟು ಎಂದರೆ ಗುರಿ ಸ್ವಲ್ಪ ತಪ್ಪುತ್ತಿತ್ತು, ಒಂಟಿಕಾಲಲ್ಲಿ ಕುಪ್ಪಳಿಸುವಾಗ ಹಿಂದಿನ ಚುರುಕಿರಲಿಲ್ಲ, ಮಾತು ಕೊಂಚ ತೊದಲುತ್ತಿತ್ತು. ಇಷ್ಟನ್ನೂ ಬರೆದಿಟ್ಟ ವರದಿ, ಪಂದ್ಯಕ್ಕೆ ತಡೆಯೊಡ್ಡುವಂಥ ಕಾರಣವಿಲ್ಲ ಎಂದೇ ಮುಗಿಯಿತು. ನೆವಾಡದ ಕ್ರೀಡಾ ಆಯೋಗ ಲೈಸೆನ್ಸ್ ಕೊಟ್ಟಿತು. ಆ ವರದಿಯನ್ನು ಆಗ ಜನರ ಮುಂದಿಟ್ಟಿದ್ದರೆ ಎಷ್ಟು ಮಂದಿ ಟಿಕೆಟ್ ಕೊಳ್ಳುತ್ತಿದ್ದರು? ನಾಲ್ಕು ವರ್ಷಗಳ ನಂತರ, 1984ರಲ್ಲಿ, ಅಲಿಗೆ ಪಾರ್ಕಿನ್ಸನ್ ಕಾಯಿಲೆ ಇದೆ ಎಂಬುದು ಹೊರಬಿತ್ತು. ಆ ಕಾಯಿಲೆಗೆ ಹೋಮ್ಸ್ ಪಂದ್ಯವೊಂದೇ ಕಾರಣ ಎನ್ನಲಾಗದು. ಮುನ್ಸೂಚನೆಗಳು ಕಾಗದದ ಮೇಲೆ ಇದ್ದವು, ಓದಬೇಕಾದವರು ಓದಿಯೂ ಸಹಿ ಹಾಕಿದರು ಎನ್ನುವುದಂತೂ ಸತ್ಯ.

ಅಂಥದೇ ಸಹಿಗಳು ಮತ್ತೆ ಬೀಳುತ್ತಿವೆ. 2024ರ ನವೆಂಬರ್ 15ರಂದು ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ 58ರ ಮೈಕ್ ಟೈಸನ್, 27ರ ಜೇಕ್ ಪಾಲ್ ಎದುರು ಸೆಣಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ವಿಮಾನದಲ್ಲಿ ಟೈಸನ್‌ಗೆ ಹೊಟ್ಟೆಹುಣ್ಣು ಉಲ್ಬಣಿಸಿ, ಜುಲೈಗೆ ಗೊತ್ತಾಗಿದ್ದ ಪಂದ್ಯವನ್ನು ನವೆಂಬರ್‌ಗೆ ಮುಂದೂಡಬೇಕಾಯಿತು. ಆದರೂ ಟೆಕ್ಸಸ್ ಇದನ್ನು ಪ್ರದರ್ಶನ ಪಂದ್ಯ ಎನ್ನದೆ ಅಧಿಕೃತ ವೃತ್ತಿಪರ ಪಂದ್ಯವೆಂದೇ ಮಾನ್ಯ ಮಾಡಿತು. ಸುತ್ತು ಮೂರರ ಬದಲು ಎರಡೇ ನಿಮಿಷದ್ದು, ಅಂಥವು ಎಂಟು ಮಾತ್ರ, ಗ್ಲೌಸ್ ಎಂದಿನದಕ್ಕಿಂತ ದಪ್ಪ, 14 ಔನ್ಸ್. ಇಷ್ಟೆಲ್ಲ ರಿಯಾಯಿತಿ ಬೇಕಾಯಿತೆಂದರೆ, ಈ ಮನುಷ್ಯ ಮಾಮೂಲಿ ಪಂದ್ಯಕ್ಕೆ ತಕ್ಕವರಲ್ಲವೆಂಬುದು ಅನುಮತಿ ಕೊಟ್ಟವರಿಗೆ ಗೊತ್ತಿತ್ತು ಎಂದೇ ಅರ್ಥ. ಟೈಸನ್ ಸೋತರು, ಆ 16 ನಿಮಿಷಗಳಲ್ಲಿ ಅವರು ಎದುರಾಳಿಗೆ ತಾಗಿಸಿದ ಗುದ್ದುಗಳು 18. ನೆಟ್‌ಫ್ಲಿಕ್ಸ್ ಮೂಲಕ ಅದು ನಮ್ಮ ಮನೆಗಳಿಗೂ ಬಂತು. ಅದೇ ರಾತ್ರಿಯ ಪಟ್ಟಿಯಲ್ಲಿ ಭಾರತದ ನೀರಜ್ ಗೋಯತ್ ಕೂಡ ಆಡಿ ಗೆದ್ದಿದ್ದರಿಂದ ಇಲ್ಲಿ ನೋಡಿದವರು ಹೆಚ್ಚು. ಅದಕ್ಕೂ ಮೊದಲಿನ ವಾರಗಳಲ್ಲಿ, ಟೈಸನ್ ಪ್ಯಾಡ್ ಮೇಲೆ ಗುದ್ದುವ ಕೆಲವೇ ಸೆಕೆಂಡುಗಳ ವಿಡಿಯೊ ತುಣುಕುಗಳು ಫೋನಿನಿಂದ ಫೋನಿಗೆ ಓಡಿದ್ದವು. ನೋಡಿದವರು ಬೆರಗಾಗಿದ್ದರು. 1980ರಲ್ಲಿ ಅಲಿಯ ಸೊಂಟ ನೋಡಿದವರೂ ಹೀಗೆಯೇ ಬೆರಗಾಗಿದ್ದರು.

ಮ್ಯಾನಿ ಪ್ಯಾಕಿಯಾವೊ ಅವರ ವಿಷಯ ಇದಕ್ಕಿಂತ ಸೂಕ್ಷ್ಮ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಡಬೇಕೆಂದು ಅವರಿಗೆ ಆಸೆಯಿತ್ತು. 2024ರ ಫೆಬ್ರುವರಿಯಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಆಗದು ಎಂದಿತು. ಒಲಿಂಪಿಕ್ ಬಾಕ್ಸಿಂಗ್‌ಗೆ ವಯೋಮಿತಿ 40, ಅವರಿಗೆ ಆಗಲೇ 45. ನಮ್ಮ ಮೇರಿ ಕೋಮ್ ಅವರಿಗೂ ಇದೇ ಮಿತಿ ಬಾಗಿಲು ಹಾಕಿದ್ದು. ಒಲಿಂಪಿಕ್ ಪಂದ್ಯವೆಂದರೆ ಮೂರು ಸುತ್ತು, ಒಂಬತ್ತು ನಿಮಿಷ. ಅದಕ್ಕೆ ವಯಸ್ಸಾಯಿತು ಎನಿಸಿಕೊಂಡ ಅದೇ ಪ್ಯಾಕಿಯಾವೊ 17 ತಿಂಗಳ ನಂತರ, 2025ರ ಜುಲೈ 19ರಂದು, 46ನೇ ವಯಸ್ಸಿನಲ್ಲಿ, ವೇಗಸ್‌ನಲ್ಲಿ 30ರ ಮಾರಿಯೊ ಬ್ಯಾರಿಯೊಸ್ ಎದುರು 12 ಸುತ್ತಿನ ವಿಶ್ವ ಪಟ್ಟದ ಪಂದ್ಯಕ್ಕೆ ನಿಂತರು. ನಾಲ್ಕು ವರ್ಷ ವೃತ್ತಿಪರ ರಿಂಗಿಗೆ ಇಳಿದೇ ಇರದವರು ಪಟ್ಟದ ಪಂದ್ಯಕ್ಕೆ ನೇರ ಹೋಗಲು ಮಾಜಿ ಚಾಂಪಿಯನ್ ಎಂಬ ಬಿರುದೊಂದೇ ಸಾಕಾಯಿತು. ಅವರು ಅದ್ಭುತವಾಗಿ ಆಡಿದರು. ಪಂದ್ಯ ಡ್ರಾ ಆಯಿತು, ಅವರೇ ಗೆಲ್ಲಬೇಕಿತ್ತು ಎಂದು ಅನೇಕರು ವಾದಿಸಿದರು. ನನ್ನನ್ನು ಹೆಚ್ಚು ಹೆದರಿಸುವುದು ಈ ಫಲಿತಾಂಶವೇ. ಟೈಸನ್‌ರ ಸೋಲನ್ನು ನೋಡಿ ಒಬ್ಬಿಬ್ಬರಾದರೂ ಹಿಂದೆಗೆಯಬಹುದು. ಪ್ಯಾಕಿಯಾವೊ ಅವರ ಡ್ರಾ ನೋಡಿ ಮನೆಯಲ್ಲಿ ಕೂತಿರುವ ಎಷ್ಟು ಮಂದಿ ಮಾಜಿಗಳು ಗೂಟಕ್ಕೆ ನೇತುಹಾಕಿದ ಗ್ಲೌಸ್ ಕಡೆ ಕಣ್ಣು ಹಾಯಿಸಿದರೋ!

ಇಂಥ ವಾದಕ್ಕೆಲ್ಲ ಮೂಲದೇವರು ಜಾರ್ಜ್ ಫೋರ್‌ಮನ್. 1994ರ ನವೆಂಬರ್ 5ರಂದು 45ರ ಫೋರ್‌ಮನ್, 26ರ ಮೈಕೆಲ್ ಮೂರರ್ ಅವರನ್ನು ಹತ್ತನೇ ಸುತ್ತಿನಲ್ಲಿ ಕೆಡವಿ ಮತ್ತೆ ಹೆವಿವೇಟ್ ಚಾಂಪಿಯನ್ ಆದರು. ಇಪ್ಪತ್ತು ವರ್ಷ ಹಿಂದೆ ಅಲಿಗೆ ಸೋತ ರಾತ್ರಿ ಧರಿಸಿದ್ದ ಚಡ್ಡಿಯನ್ನೇ ಅಂದು ತೊಟ್ಟಿದ್ದರು. ಯಾರ ಎದೆಯೂ ಉಬ್ಬುವ ಕಥೆ ಇದು. ಆದರೆ ಪೂರ್ತಿ ಓದಬೇಕು. ಫೋರ್‌ಮನ್ ಮರಳಿದ್ದು 1994ರಲ್ಲಲ್ಲ, 1987ರಲ್ಲಿ. ಮೊದಮೊದಲು ಸಣ್ಣಪುಟ್ಟ ಊರುಗಳಲ್ಲಿ, ಸಣ್ಣಪುಟ್ಟ ಎದುರಾಳಿಗಳ ಮೇಲೆ ಕೈ ಪಳಗಿಸಿಕೊಂಡು, ಏಳು ವರ್ಷ ಮೆಟ್ಟಿಲು ಮೆಟ್ಟಿಲಾಗಿ ಬಂದವರು. ಆ ರಾತ್ರಿಯೂ ಹತ್ತನೇ ಸುತ್ತಿನವರೆಗೆ ಅಂಕಗಳಲ್ಲಿ ಹಿಂದೆಯೇ ಇದ್ದರು. ಅವರ ಆಟ ನಿಂತಿದ್ದು ತೋಳಿನ ಭಾರದ ಮೇಲೆ. ಬಾಕ್ಸಿಂಗ್ ಬಲ್ಲವರು ಹೇಳುವಂತೆ ವಯಸ್ಸಾದಾಗ ಮೊದಲು ಹೋಗುವುದು ಕಾಲು, ಕೊನೆಗೆ ಹೋಗುವುದು ಗುದ್ದು. ಅಲಿ ಬದುಕಿದ್ದು ಕಾಲಿನ ಮೇಲೆ. ಕೈಗಳನ್ನು ತಗ್ಗಿಸಿಟ್ಟುಕೊಂಡು, ಬರುವ ಗುದ್ದಿನಿಂದ ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳುವುದೇ ಅವರ ಕವಚ. ಆ ಎಳೆತ ಕಣ್ಣೆವೆ ಮಿಟುಕಿಸುವಷ್ಟು ತಡವಾದರೂ ಕವಚವೇ ಇಲ್ಲ.

ತಡವಾಗುವುದು ಕಾಲೊಂದೇ ಅಲ್ಲ. ವಯಸ್ಸಾದಂತೆ ಮಿದುಳು ಕೊಂಚ ಕೊಂಚ ಕುಗ್ಗುತ್ತದೆ. ಮಿದುಳಿನ ಮೇಲ್ಮೈಯಿಂದ ತಲೆಬುರುಡೆಯ ಒಳಪದರಕ್ಕೆ ಹಾಯುವ ಸಣ್ಣ ರಕ್ತನಾಳಗಳು ಆಗ ಎಳೆದು ಕಟ್ಟಿದ ದಾರದಂತಾಗುತ್ತವೆ. ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜ ಎದ್ದು ಏನೂ ಆಗಿಲ್ಲವೆಂದು ಕಾಫಿ ಕುಡಿದು, ಮೂರು ವಾರದ ಮೇಲೆ ಮಂಕಾಗಿ ಆಸ್ಪತ್ರೆ ಸೇರುವುದನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಆ ದಾರ ಹರಿದು ಒಳಗೇ ರಕ್ತ ಕಟ್ಟಿರುತ್ತದೆ. ಬಾಕ್ಸರ್‌ನ ತಲೆ ಜಾರಿ ಬೀಳುವುದಲ್ಲ, ಬಲ್ಲವನೊಬ್ಬ ಗುರಿಯಿಟ್ಟು ಅದನ್ನು ತಿರುಚುತ್ತಾನೆ. ಮೊದಲೇ ಏಟು ತಿಂದು ತಿಂದು ಸವೆದ ಮಿದುಳು ಅದು. ಹೀಗೆ ಸವೆದವರು ಕುಡಿದವರಂತೆ ತಟ್ಟಾಡುವುದನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ದಾಖಲಿಸಿದ್ದರು. ಸುಮಾರು ನೂರು ವರ್ಷದಿಂದ ಗೊತ್ತಿರುವ ವಿಷಯ.

ಹೋಮ್ಸ್ ಅವರಿಗಂತೂ ಕಣ್ಣಾರೆ ಕಂಡು ಗೊತ್ತಿತ್ತು. ಅಲಿಗಾಗಿ ಅತ್ತ ಆ ಹೋಮ್ಸ್ ನಿವೃತ್ತಿಯಿಂದ ಎದ್ದುಬಂದು 1988ರ ಜನವರಿ 22ರಂದು ಅಟ್ಲಾಂಟಿಕ್ ಸಿಟಿಯಲ್ಲಿ 21ರ ಟೈಸನ್ ಎದುರು ನಿಂತರು. ಆಗ ಅವರ ವಯಸ್ಸು 38, ಅಲಿ ಅವರೆದುರು ನಿಂತಾಗ ಇದ್ದಷ್ಟೇ. ರಿಂಗಿನ ಬದಿಯಲ್ಲಿ ಅಲಿ ಕೂತಿದ್ದರು. ನಾಲ್ಕನೇ ಸುತ್ತಿನಲ್ಲಿ ಹೋಮ್ಸ್ ನೆಲಕ್ಕುರುಳಿದರು. ಅಂದು ಉರುಳಿಸಿದ ಹುಡುಗನೇ 58ನೇ ವಯಸ್ಸಿನಲ್ಲಿ ಆರ್ಲಿಂಗ್ಟನ್‌ನ ರಿಂಗ್ ಹತ್ತಿದ್ದು. ಇದಕ್ಕೂ ಹಿಂದೆ, 1951ರಲ್ಲಿ, 37ರ ಜೋ ಲೂಯಿ ಅವರನ್ನು ಎಂಟನೇ ಸುತ್ತಿನಲ್ಲಿ ಹಗ್ಗದಾಚೆ ಕೆಡವಿದ ರಾಕಿ ಮಾರ್ಸಿಯಾನೊ ಕೂಡ ಅತ್ತಿದ್ದರು. ಗೆದ್ದವರು ಅಳುವ ಆಟ ಬೇರೆ ಎಲ್ಲಿದೆ?

ಅದು ಅವರ ಮೈ, ಅವರ ಇಷ್ಟ ಎನ್ನುವವರಿದ್ದಾರೆ. ಸುಲಭವಾಗಿ ತಳ್ಳಿಹಾಕುವ ಮಾತಲ್ಲ ಅದು. ಆದರೆ ಲೂಯಿ ಮರಳಿದ್ದು ಇಷ್ಟದಿಂದಲ್ಲ. 1942ರಲ್ಲಿ ಎರಡು ಪಂದ್ಯಗಳ ಗಳಿಕೆಯನ್ನು ನೌಕಾಪಡೆ ಮತ್ತು ಸೇನೆಯ ಪರಿಹಾರ ನಿಧಿಗೆ ಕೊಟ್ಟ ಮನುಷ್ಯನ ತಲೆಯ ಮೇಲೆ 1950ರ ಹೊತ್ತಿಗೆ ಐದು ಲಕ್ಷ ಡಾಲರ್‌ಗೂ ಮೀರಿದ ತೆರಿಗೆ ಬಾಕಿ ಇತ್ತು. ಅಲಿಗೆ 80 ಲಕ್ಷ ಡಾಲರ್ ಎಂದು ಮಾತಾಗಿತ್ತು, ಪ್ರವರ್ತಕ ಡಾನ್ ಕಿಂಗ್ ಅದರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕಡಿಮೆ ಕೊಟ್ಟರೆಂದು ಅಲಿ ಮೊಕದ್ದಮೆ ಹೂಡಬೇಕಾಯಿತು. 1992ರಲ್ಲಿ 47ರ ಜೆರಿ ಕ್ವಾರಿ ಕೊಲರಾಡೊದಲ್ಲಿ ಆಡಿದರು, ಆ ರಾಜ್ಯದಲ್ಲಿ ಆಗ ಬಾಕ್ಸಿಂಗ್ ಆಯೋಗವೇ ಇರಲಿಲ್ಲ. ಕೈಗೆ ಬಂದದ್ದು ಸಾವಿರ ಡಾಲರ್ ಚಿಲ್ಲರೆ. ಕೊನೆಗಾಲದಲ್ಲಿ ತಮ್ಮ ಕೆಲಸವನ್ನು ತಾವು ಮಾಡಿಕೊಳ್ಳಲಾರದ ಸ್ಥಿತಿ ತಲುಪಿ 53ಕ್ಕೇ ತೀರಿಹೋದರು. ಸಾಲಗಾರನ, ಮರೆವಿಗೆ ಜಾರಿದವನ ಇಷ್ಟವನ್ನು ಇಷ್ಟವೆನ್ನಲು ನನಗೆ ಮನಸ್ಸು ಬಾರದು.

ಮೈಸೂರಿನಲ್ಲಿ ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುತ್ತಾರೆ. ಪೈಲ್ವಾನರು ಸಾಲಾಗಿ ಬಂದು ನಿಲ್ಲುತ್ತಾರೆ, ಹಿರಿಯರು ಮೈಕಟ್ಟು, ತೂಕ, ವಯಸ್ಸು, ಅನುಭವ ನೋಡಿ ಇವನಿಗೆ ಇವನು ಎಂದು ಕೈ ಸೇರಿಸುತ್ತಾರೆ. ಒಪ್ಪದ ಜೋಡಿಯನ್ನು ಅಲ್ಲೇ ಬಿಡಿಸಬಹುದು. ಅಖಾಡಕ್ಕೆ ಇಳಿಯುವ ಮೊದಲೇ ಕುಸ್ತಿಯ ಅರ್ಧ ನ್ಯಾಯ ಅಲ್ಲಿ ತೀರ್ಮಾನವಾಗುತ್ತದೆ. ವಯಸ್ಸಾದ ಪೈಲ್ವಾನ ಉಸ್ತಾದನಾಗಿ ಗರಡಿಯಲ್ಲೇ ಉಳಿಯುತ್ತಾನೆ, ಹುಡುಗರಿಗೆ ಪಟ್ಟು ಹೇಳಿಕೊಡುತ್ತಾನೆ, ಅವನ ಮರ್ಯಾದೆ ಮಣ್ಣಿಗೆ ಬೀಳುವುದಿಲ್ಲ. ಬಾಕ್ಸಿಂಗ್‌ನಲ್ಲಿ ಜೋಡಿ ಕಟ್ಟುವವನು ಟಿಕೆಟ್ ಮಾರುವವನೇ ಆಗಿಬಿಟ್ಟಿದ್ದಾನೆ. ಪ್ರದರ್ಶನ ಪಂದ್ಯಗಳ ಬಗ್ಗೆ ನನ್ನ ತಕರಾರಿಲ್ಲ. 1980ರ ಆರಂಭದಲ್ಲಿ ಭಾರತಕ್ಕೆ ಬಂದ ಅಲಿ ಮದರಾಸಿನಲ್ಲಿ ಹಳೆಯ ಗೆಳೆಯ ಜಿಮ್ಮಿ ಎಲ್ಲಿಸ್ ಜೊತೆ ರಿಂಗಿನಲ್ಲಿ ನಲಿದು ಜನರನ್ನು ನಗಿಸಿದ್ದರು. ಯಾರಿಗೂ ನೋವಾಗಲಿಲ್ಲ. ಅವರು ಅಲ್ಲಿಗೇ ನಿಂತಿದ್ದರೆ!

ಹಾಗಾಗಿ ಈಗಲೇ, ಮುಂದಿನ ದೊಡ್ಡ ಹೆಸರು ಜಾಹೀರಾತು ಫಲಕವೇರುವ ಮೊದಲೇ, ಮಾಡಬೇಕಾದದ್ದಿದೆ. 40 ದಾಟಿ, ಎರಡು ವರ್ಷಕ್ಕಿಂತ ಹೆಚ್ಚು ರಿಂಗಿನಿಂದ ದೂರವಿದ್ದವರಿಗೆ ನೇರ ಪಟ್ಟದ ಪಂದ್ಯ ಕೊಡುವ ಪದ್ಧತಿಯನ್ನು ವಿಶ್ವ ಬಾಕ್ಸಿಂಗ್ ಸಂಸ್ಥೆಗಳು ಕೈಬಿಡಬೇಕು. ಪ್ರವರ್ತಕರು ನೇಮಿಸದ ನರತಜ್ಞರು ತಪಾಸಣೆ ಮಾಡಬೇಕು. ಇಂದಿನ ಸ್ಕ್ಯಾನನ್ನು ಅದೇ ಬಾಕ್ಸರ್‌ನ ಹತ್ತು ವರ್ಷ ಹಿಂದಿನ ಸ್ಕ್ಯಾನ್ ಪಕ್ಕದಲ್ಲಿಟ್ಟು ನೋಡಬೇಕು, ಇಳಿಜಾರು ಕಾಣುವುದು ಆಗ ಮಾತ್ರ. ಅನರ್ಹರೆಂಬ ತೀರ್ಮಾನವನ್ನು ಜನರ ಮುಂದಿಡಬೇಕು. ಜಪಾನ್ ಬಹುಕಾಲ 37ಕ್ಕೆ ಲೈಸೆನ್ಸ್ ನಿಲ್ಲಿಸುತ್ತಿತ್ತು, 2023ರಲ್ಲಿ ಆ ಮಿತಿಯನ್ನು ತೆಗೆದುಹಾಕಿತು. ಎಲ್ಲರಿಗೂ ಒಂದೇ ಸಂಖ್ಯೆಯ ಗೆರೆ ನ್ಯಾಯವಲ್ಲದಿರಬಹುದು, ಗೆರೆ ಅಳಿಸಿದ ಜಾಗದಲ್ಲಿ ಕಟ್ಟುನಿಟ್ಟಿನ ತಪಾಸಣೆಯಾದರೂ ಇರಬೇಕು. ಹಣದ ಕಡೆಗೆ ಕ್ಯಾಲಿಫೋರ್ನಿಯಾ ದಾರಿ ತೋರಿದೆ. ಅಲ್ಲಿ ವೃತ್ತಿಪರ ಬಾಕ್ಸರ್‌ಗಳಿಗೆ ಪಿಂಚಣಿ ನಿಧಿಯಿದೆ. ಅದು ಎಲ್ಲೆಡೆ ಬಂದರೆ ಮರಳಿ ಬರುವ ಎಷ್ಟೋ ಕಾಲುಗಳು ಮನೆಯಲ್ಲೇ ನಿಲ್ಲುತ್ತವೆ.

ಎಲ್ಲಕ್ಕಿಂತ ಮಿಗಿಲಾಗಿ, ಒಂದು ಕಡೆ ಮುಚ್ಚಿದ ಬಾಗಿಲು ಇನ್ನೊಂದು ಕಡೆ ತೆರೆದಿರಬಾರದು. 2021ರ ಸೆಪ್ಟೆಂಬರ್‌ನಲ್ಲಿ 58ರ ಇವಾಂಡರ್ ಹೋಲಿಫೀಲ್ಡ್ ಅವರನ್ನು ಆಡಿಸಲು ಕ್ಯಾಲಿಫೋರ್ನಿಯಾ ಒಪ್ಪಲಿಲ್ಲ, ಪಂದ್ಯ ಫ್ಲೋರಿಡಾಗೆ ಹೋಯಿತು, ಅಲ್ಲಿ ಮೊದಲ ಸುತ್ತಿನಲ್ಲೇ ಮುಗಿಯಿತು. ಅಮೆರಿಕದ ರಾಜ್ಯಗಳು ಪರಸ್ಪರರ ವೈದ್ಯಕೀಯ ನಿಷೇಧವನ್ನು ಗೌರವಿಸಬೇಕೆಂದು 1996ರ ಕಾಯ್ದೆ ಹೇಳುತ್ತದೆ. ಬೇಡವೆಂದು ಒಬ್ಬರು ಕೈಬಿಟ್ಟ ಪಂದ್ಯವನ್ನು ಇನ್ನೊಬ್ಬರು ಎತ್ತಿಕೊಳ್ಳುವುದಕ್ಕೂ, ದೇಶದ ಗಡಿ ದಾಟುವುದಕ್ಕೂ ಅದು ಅಡ್ಡ ಬರುವುದಿಲ್ಲ.

ಹೋಮ್ಸ್ ಆ ರಾತ್ರಿ ಪಂದ್ಯದ ಬಳಿಕ ಅಲಿಯವರ ಹೋಟೆಲ್ ಕೋಣೆಗೆ ಹೋಗಿ, ಇನ್ನು ಆಡುವುದಿಲ್ಲವೆಂದು ಮಾತು ಕೊಡು ಎಂದು ಬೇಡಿಕೊಂಡರು. ಅಲಿ ತಮಾಷೆಗೆ, ಹೋಮ್ಸ್ ಬೇಕು, ನನಗೆ ಹೋಮ್ಸ್ ಬೇಕು ಎಂದು ರಾಗ ಎಳೆದರು. ಮುಂದೆ ನೆವಾಡದಲ್ಲಿ ಲೈಸೆನ್ಸ್ ಹಿಂದಿರುಗಿಸಿದರು. 14 ತಿಂಗಳಾದ ಮೇಲೆ, 1981ರ ಡಿಸೆಂಬರ್ 11ರಂದು, ಬಹಾಮಾಸ್‌ನ ನಸ್ಸೌ ಪಟ್ಟಣದಲ್ಲಿ ಟ್ರೆವರ್ ಬರ್ಬಿಕ್ ಎದುರು ಮತ್ತೆ ನಿಂತರು. ಇನ್ನೊಂದು ತಿಂಗಳಿಗೆ ಅವರಿಗೆ 40 ತುಂಬಲಿತ್ತು. ಬಾರಿಸಲು ಸರಿಯಾದ ಗಂಟೆ ಕೂಡ ಅಲ್ಲಿರಲಿಲ್ಲ. ಎಲ್ಲಿಂದಲೋ ಹಸುವಿನ ಕೊರಳ ಗಂಟೆಯೊಂದನ್ನು ತಂದರು. ಆ ಸದ್ದಿಗೆ ಅಲಿ ಮೂಲೆಯಿಂದ ಹತ್ತು ಸಲ ಎದ್ದು ನಡೆದರು, ಹತ್ತು ಸುತ್ತನ್ನೂ ಆಡಿ ಸೋತರು.