ಪುಕ್ಕಟೆ ಸೀಟು ಅಂತೆ!

ಈ ಕಡೆ ತಲೆ ಹಾಕಿ ತಿಂಗಳುಗಳೇ ಆಗಿತ್ತು. ಆಫೀಸು, ರಿಲೀಸು, ರಾತ್ರಿ ಕಾಲ್ ಅಂತ ಎಂದಿನ ನೆಪಗಳು. ಆದ್ರೆ ಮೊನ್ನೆ ಊಟದ ಟೇಬಲ್ ಹತ್ರ ಕೇಳಿದ ಒಂದು ಮಾತು ಹೊಟ್ಟೆಯೊಳಗೆ ಹಾಗೇ ಕೂತುಬಿಟ್ಟಿದೆ. ಬರೆದು ಹಾಕದೆ ಹೋಗಲ್ಲ ಅನ್ನಿಸ್ತು. ಖಾರ ಸ್ವಲ್ಪ ಜಾಸ್ತಿ ಆದ್ರೆ ಮೊಸರು ಕಲಸ್ಕೊಂಡು ಓದಿ :-)

ನಮ್ಮ ಟೀಮಿನ ಒಬ್ಬ ಮಹಾಶಯ, ಒಳ್ಳೆಯವನೇ, ಹೇಳಿದ್ದು ಇಷ್ಟು: "ಸರ್ಕಾರಿ ಕಾಲೇಜಲ್ಲಿ ಓದೋರಿಗೇನ್ ಕಷ್ಟ ಗುರು? ಸೀಟು ಪುಕ್ಕಟೆ, ಮೇಲೆ ಸ್ಕಾಲರ್‌ಶಿಪ್ ಬೇರೆ. ಎಲ್ಲಾ ನಮ್ಮ ಟ್ಯಾಕ್ಸ್ ದುಡ್ಡು." ಸುತ್ತ ಕೂತಿದ್ದ ನಾಲ್ಕೈದು ಜನ ತಲೆಯಾಡಿಸಿದ್ರು. ನಾನು ಅನ್ನ ಕಲಸ್ತಾ ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದದ್ದಕ್ಕೆ ನನಗೆ ನಾನೇ ಹಾಕಿಕೊಂಡ ದಂಡ ಈ ಬರಹ.

ಯಾಕಂದ್ರೆ ಆ "ಪುಕ್ಕಟೆ" ಸೀಟಿನಲ್ಲಿ ಓದಿದವನು ನಾನು. 2015ರಲ್ಲಿ ಸಿಇಟಿ ಬರೆದು ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಸೇರಿದೆ. ವರ್ಷದ ಫೀಸು ಇಪ್ಪತ್ತು ಸಾವಿರದೊಳಗೇ ಇತ್ತು. ಇವತ್ತು ನಮ್ಮ ಟೀಮ್ ಡಿನ್ನರ್ ಬಿಲ್ಲು ಅದಕ್ಕಿಂತ ಜಾಸ್ತಿ ಬರುತ್ತೆ. ಆದ್ರೆ ಅವತ್ತು ಅಪ್ಪನ ಹತ್ರ ಅಷ್ಟು ದುಡ್ಡು ಒಟ್ಟಿಗೆ ಇರಲಿಲ್ಲ. ಚಲನ್ ಕಟ್ಟೋಕೆ ಇದ್ದದ್ದು ಕೆಲವೇ ದಿನ. ಅಮ್ಮನ ಸರ ಊರಿನ ಸೊಸೈಟಿಗೆ ಗಿರವಿ ಹೋಯ್ತು. "ಸ್ಕಾಲರ್‌ಶಿಪ್ ಬಂದ ತಕ್ಷಣ ಬಿಡಿಸ್ಕೊಂಡ್ರಾಯ್ತು ಬಿಡೋ" ಅಂದ್ಲು ಅಮ್ಮ.

ಸುಳ್ಳು ಹೇಳಬಾರದು, ಸ್ಕಾಲರ್‌ಶಿಪ್ ಬಂತು. ಮೊದಲನೇ ವರ್ಷದ್ದು ಎರಡನೇ ವರ್ಷದ ಮಧ್ಯದಲ್ಲಿ ಬಂತು. ಅಷ್ಟು ಹೊತ್ತಿಗೆ ಎರಡನೇ ವರ್ಷದ ಫೀಸಿಗೆ ಅಮ್ಮನ ಬಳೆಗಳೂ ಸರದ ಪಕ್ಕ ಹೋಗಿ ಕೂತಿದ್ವು. ಕೊನೆಗೆ ನನಗೆ ಕೆಲಸ ಸಿಕ್ಕು ಮೊದಲ ಸಂಬಳ ಬಂದಾಗ ಬಳೆ ಬಿಡಿಸಿದೆ. ಸರ ಅಷ್ಟರಲ್ಲಿ ಹರಾಜಾಗಿತ್ತು. ಅಮ್ಮ ಅದರ ಬಗ್ಗೆ ಇವತ್ತಿಗೂ ಮಾತಾಡಲ್ಲ. ಮದುವೆ ಮನೆಗೆ ಹೊರಟಾಗ ಮಾತ್ರ ಕುತ್ತಿಗೆ ಮುಟ್ಟಿ ನೋಡ್ಕೋತಾಳೆ.

ಈಗ ಹೇಳಿ, ನನ್ನ ಸೀಟು ಪುಕ್ಕಟೆನಾ?

ಈ "ಫ್ರೀ ಸೀಟು" ಅನ್ನೋ ಮಾತು ಎಲ್ಲಿಂದ ಬಂತು ಅಂತ ಸ್ವಲ್ಪ ಹಿಂದೆ ಹೋಗಿ ನೋಡೋಣ. ಕ್ಯಾಪಿಟೇಶನ್ ಹಾವಳಿಗೆ ದೇಶಕ್ಕೆಲ್ಲ ಹೆಸರುವಾಸಿಯಾಗಿದ್ದ ರಾಜ್ಯ ನಮ್ಮದು. ಅದನ್ನ ತಡೆಯೋಕೆ 1984ರಲ್ಲೇ ಇಲ್ಲಿ ಕಾನೂನು ಬಂತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದ ತೀರ್ಪು ಬಂತು. ಅದೂ ಕರ್ನಾಟಕದ ಮೆಡಿಕಲ್ ಸೀಟಿನ ಜಗಳವೇ. 1993ರ ಉನ್ನಿಕೃಷ್ಣನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಖಾಸಗಿ ಕಾಲೇಜಿನ ಸೀಟುಗಳನ್ನ ಅರ್ಧ "ಫ್ರೀ ಸೀಟು", ಅರ್ಧ "ಪೇಮೆಂಟ್ ಸೀಟು" ಅಂತ ಹಂಚಿತು. ಮರುವರ್ಷ, 1994ರಲ್ಲಿ, ನಮ್ಮ ಸಿಇಟಿ ಶುರುವಾಯ್ತು. ಆ ವ್ಯವಸ್ಥೆ 2002ರ ಟಿಎಂಎ ಪೈ ತೀರ್ಪಿನೊಂದಿಗೆ ಬಿದ್ದುಹೋಯ್ತು. ಹೆಸರು ಮಾತ್ರ ಬಾಯಲ್ಲಿ ಉಳ್ಕೊಂಡಿತು. ತಮಾಷೆ ಏನಂದ್ರೆ ಆಗಲೂ ಅದು ಫ್ರೀ ಆಗಿರಲಿಲ್ಲ. ಸರ್ಕಾರಿ ಕಾಲೇಜಿನಷ್ಟೇ ಫೀಸು ಅಂತ ಅರ್ಥ, ಅಷ್ಟೇ. ಮೂವತ್ತು ವರ್ಷದ ಹಿಂದಿನ ಒಂದು ಶಬ್ದ ಹಿಡ್ಕೊಂಡು ಇವತ್ತಿಗೂ ಬಡ ಮಕ್ಕಳಿಗೆ "ನಿಂಗೇನಪ್ಪಾ ಫ್ರೀ ಸೀಟು" ಅಂತ ಚುಚ್ತಾ ಇದ್ದೀವಿ.

ಇದೆಲ್ಲ ಈಗ ಯಾಕೆ ನೆನಪಾಯ್ತು ಅಂದ್ರೆ, ಈ ಸಲ ಚಿಕ್ಕಪ್ಪನ ಮಗಳಿಗೆ ಸರ್ಕಾರಿ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ತು. ನಮ್ಮದು 2ಎ. ಚಿಕ್ಕಪ್ಪನಿಗೆ ಎರಡೆಕರೆ ತೆಂಗು, ಅದರಲ್ಲಿ ಅರ್ಧ ಮರಕ್ಕೆ ನುಸಿ. ಸೀಟು ಸಿಕ್ಕ ರಾತ್ರಿ ಅವಳ ಫೋನು ಬಂತು. ಖುಷಿಯಿಂದ ಕುಣಿತಾ ಇರ್ತಾಳೆ ಅಂದ್ಕೊಂಡೆ. ಅವಳು ಕೇಳಿದ್ದು, "ಅಣ್ಣಾ, ನಾನು ಇಲ್ಲೇ ಬಿಎಸ್ಸಿಗೆ ಸೇರ್ಕೊಳ್ಳಲಾ?"

ಯಾಕೆ ಅಂದ್ರೆ ಅವಳು ಲೆಕ್ಕ ಹಾಕಿದ್ದಳು. ನಾವು ದೊಡ್ಡವರು ಹಾಕದ ಲೆಕ್ಕ. ಕೆಇಎ ಪಟ್ಟಿಯಲ್ಲಿ ಕಾಣೋದು ಫೀಸು ಮಾತ್ರ. ಖರ್ಚು ಅನ್ನೋದು ಬೇರೆ ಪ್ರಾಣಿ. ಕಾಲೇಜಿಗೆ ಹೋಗಿ ರಿಪೋರ್ಟ್ ಮಾಡ್ಕೊಂಡಾಗ ಕೇಳೋ ಇತರೆ ಶುಲ್ಕ. ಪ್ರತಿ ಸೆಮಿಸ್ಟರಿನ ಪರೀಕ್ಷಾ ಶುಲ್ಕ. ಲ್ಯಾಬ್ ರೆಕಾರ್ಡು, ಪುಸ್ತಕ, ಲ್ಯಾಪ್‌ಟಾಪು. ಸರ್ಕಾರಿ ಹಾಸ್ಟೆಲಿನ ಪಟ್ಟಿ ಬರೋವರೆಗೆ ಪಿಜಿ, ಅದಕ್ಕೊಂದು ಅಡ್ವಾನ್ಸು. ಮೊದಲ ಎರಡು ತಿಂಗಳಲ್ಲೇ ಫೀಸಿನಷ್ಟು ಇನ್ನೊಂದು ಮೊತ್ತ ಕೈ ಬಿಡುತ್ತೆ. ಇಷ್ಟಕ್ಕೆಲ್ಲ "ಸ್ಕಾಲರ್‌ಶಿಪ್ ಬರುತ್ತಲ್ಲ" ಅನ್ನೋದು ನಮ್ಮ ರೆಡಿಮೇಡ್ ಉತ್ತರ.

ಬರುತ್ತೆ ಸ್ವಾಮಿ. ಯಾವಾಗ ಬರುತ್ತೆ ಅನ್ನೋದೇ ಪ್ರಶ್ನೆ. ಫೀಸು ಕಟ್ಟಬೇಕಾದ್ದು ಸೀಟು ಸಿಕ್ಕ ವಾರದಲ್ಲಿ. ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕೋದು ಕಾಲೇಜು ಸೇರಿ, ನೋಂದಣಿ ಆಗಿ, ದಾಖಲೆಗಳಿಗೆ ಇ-ಅಟೆಸ್ಟೇಶನ್ ಮಾಡಿಸಿದ ಮೇಲೆ. ಆಮೇಲೆ ಕಾಲೇಜು ಒಪ್ಪಬೇಕು, ಇಲಾಖೆ ಒಪ್ಪಬೇಕು, ಖಜಾನೆಯಿಂದ ದುಡ್ಡು ಹೊರಡಬೇಕು. ಅಷ್ಟು ತಿಂಗಳು ಆ ದುಡ್ಡು ಯಾರದ್ದು? ಚಿಕ್ಕಪ್ಪನದ್ದು. ಅವನು ಕೈಸಾಲ ತಂದು, ನೂರಕ್ಕೆ ಮೂರರಂತೆ ತಿಂಗಳ ಬಡ್ಡಿ ಕಟ್ಟಿ, ಸರ್ಕಾರಕ್ಕೆ ಬಡ್ಡಿಯಿಲ್ಲದೆ ಕೊಟ್ಟಿರೋ ಸಾಲ ಅದು. ನಾವು ಅದನ್ನ "ಸರ್ಕಾರದ ಸಹಾಯ" ಅಂತ ಕರೀತೀವಿ!

ಇಲ್ಲಿ ನನ್ನ ಕಸುಬಿನ ಸಿಟ್ಟೂ ಸೇರ್ಕೊಂಡಿದೆ. ಸಿಇಟಿ ಅರ್ಜಿ ತುಂಬುವಾಗಲೇ ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಕೇಳ್ತಾರೆ. ಅಂದ್ರೆ ಈ ಹುಡುಗಿಯ ಜಾತಿ ಯಾವುದು, ಮನೆಯ ಆದಾಯ ಎಷ್ಟು ಅಂತ ಸೀಟು ಹಂಚೋ ಮೊದಲೇ ಸರ್ಕಾರಕ್ಕೆ ಗೊತ್ತು. ಆಮೇಲೆ ಅದೇ ಆರ್‌ಡಿ ನಂಬರನ್ನ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಮತ್ತೆ ಕೇಳ್ತಾರೆ, ಮತ್ತೆ ಪರಿಶೀಲಿಸ್ತಾರೆ. ನಮ್ಮ ಆಫೀಸಲ್ಲಿ ಯಾರಾದ್ರೂ ಹೀಗೆ ಡಿಸೈನ್ ಮಾಡಿದ್ರೆ ರಿವ್ಯೂನಲ್ಲೇ ಎಗರಾಡ್ತೀವಿ.

ಮಾಡೋಕಾಗಲ್ಲ ಅಂತೇನಿಲ್ಲ. ಸಿಇಟಿಯಲ್ಲೇ ಎಸ್‌ಸಿ, ಎಸ್‌ಟಿ, ಪ್ರವರ್ಗ-1ರ ಕಡಿಮೆ ಆದಾಯದ ಮಕ್ಕಳಿಗೆ ಸೀಟು ಕೊಡುವಾಗಲೇ ಫೀಸಿನ ವಿನಾಯಿತಿ ಇದೆ. ಎಸ್‌ಎನ್‌ಕ್ಯೂ ಸೀಟಿನಲ್ಲಿ ಬೋಧನಾ ಶುಲ್ಕ ಮೊದಲೇ ಮನ್ನಾ. 2021ರಲ್ಲಿ ರೈತ ವಿದ್ಯಾನಿಧಿ ಶುರುವಾದಾಗ, ಇಂಜಿನಿಯರಿಂಗ್ ಹುಡುಗರಿಗೆ 10,000, ಹುಡುಗಿಯರಿಗೆ 11,000 ರೂಪಾಯಿ ಅಂತ, ರೈತರ ಫ್ರೂಟ್ಸ್ ನೋಂದಣಿಯನ್ನೇ ಆಧಾರ ಮಾಡಿಕೊಂಡರು. ಮನಸ್ಸು ಮಾಡಿದ್ರೆ ಡೇಟಾಬೇಸುಗಳು ಮಾತಾಡ್ತವೆ. 2021ರ ಕೇಂದ್ರದ ಎಸ್‌ಸಿ ಪೋಸ್ಟ್ ಮೆಟ್ರಿಕ್ ಮಾರ್ಗಸೂಚಿಯಲ್ಲಂತೂ ಫ್ರೀಶಿಪ್ ಕಾರ್ಡ್ ಅಂತಲೇ ಒಂದಿದೆ. ಮೊದಲೇ ಫೀಸು ಕಟ್ಟದೆ ಸೇರ್ಕೊಳ್ಳೋಕೆ. ಹಾಳೆ ಮೇಲೆ ಇರೋದು ಕೌಂಟರಿನವರೆಗೂ ನಡ್ಕೊಂಡು ಬರಬೇಕು, ಅಷ್ಟೇ.

ಇನ್ನೂ ಸುಲಭದ ಉದಾಹರಣೆ ಬೇಕಾ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಚಿಕ್ಕಮ್ಮ ಬಸ್ ಹತ್ತಿದ್ರೆ ಕಂಡಕ್ಟರ್ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಡ್ತಾರೆ. "ಈಗ ದುಡ್ಡು ಕೊಡಮ್ಮ, ಟಿಕೆಟ್ ಅಟೆಸ್ಟ್ ಮಾಡಿಸಿ ಅಪ್‌ಲೋಡ್ ಮಾಡು, ಮುಂದಿನ ವರ್ಷ ಖಾತೆಗೆ ಹಾಕ್ತೀವಿ" ಅಂದಿದ್ರೆ ಎಷ್ಟು ಜನ ಬಸ್ ಹತ್ತುತ್ತಿದ್ರು? ಬಸ್ಸಿನಲ್ಲಿ ಆಗೋದು ಕಾಲೇಜಿನ ಕೌಂಟರಿನಲ್ಲಿ ಯಾಕಾಗಲ್ಲ?

"ಮೋಸ ಆಗುತ್ತಲ್ಲ, ಪರಿಶೀಲನೆ ಬೇಡ್ವಾ?" ಅಂತ ಕೇಳ್ತೀರಿ. ಬೇಕು. ಆದ್ರೆ ಮೋಸ ಮಾಡೋದು ಯಾರು ನೋಡಿ. 2023ರಲ್ಲಿ ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ ತನ್ನ ಸ್ಕಾಲರ್‌ಶಿಪ್ ಪಡೆದ 1,572 ಸಂಸ್ಥೆಗಳನ್ನ ತಪಾಸಣೆ ಮಾಡಿಸಿದಾಗ 830 ಸಂಸ್ಥೆಗಳು ನಕಲಿ ಇಲ್ಲವೇ ಮುಚ್ಚಿಹೋದವು ಅಂತ ಗೊತ್ತಾಯ್ತು. 144 ಕೋಟಿಗೂ ಮೀರಿದ ದುಡ್ಡು, ಆಮೇಲೆ ಸಿಬಿಐಗೆ ಹೋಯ್ತು. ಪೋರ್ಟಲ್ಲು, ಆಧಾರು, ಅಪ್‌ಲೋಡು ಎಲ್ಲ ಇದ್ದೂ ಆದದ್ದು ಅದು. ದುಡ್ಡು ತಡ ಮಾಡಿದ್ರೆ ಕಳ್ಳನಿಗೇನೂ ನಷ್ಟವಿಲ್ಲ, ಅವನು ಕಾಯ್ತಾನೆ. ಚಲನ್‌ಗೆ ಕೊನೇ ದಿನ ಇರೋದು ನಿಜವಾದ ಹುಡುಗಿಗೆ.

ಬಡವ ಯಾರು ಅನ್ನೋ ಲೆಕ್ಕವೂ ಹಾಗೇ. ಅದೇ 2021ರ ಮಾರ್ಗಸೂಚಿಯಲ್ಲಿ ಪೋಷಕರ ಆದಾಯದ ಮಿತಿ ವರ್ಷಕ್ಕೆ 2.5 ಲಕ್ಷ, ಅಂದ್ರೆ ತಿಂಗಳಿಗೆ 21 ಸಾವಿರವೂ ಇಲ್ಲ. ಅದಕ್ಕೆರಡು ವರ್ಷ ಮೊದಲು, 2019ರಲ್ಲಿ, ಅದೇ ಕೇಂದ್ರ ಸರ್ಕಾರ ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿಗೆ ಇಟ್ಟ ಮಿತಿ 8 ಲಕ್ಷ. ಒಂದು ಕಡೆ ಎಂಟು ಲಕ್ಷದವರೂ ಬಡವರು, ಇನ್ನೊಂದು ಕಡೆ ಮೂರು ಲಕ್ಷದವರೂ ಸ್ಥಿತಿವಂತರು. ಮೀಸಲಾತಿ ಪರ-ವಿರೋಧ ಅಂತ ನಾವು ಬ್ಲಾಗಿಗರು ಮೂರು ಮೂರು ಕಂತು ಬರೆದು ಕಾಮೆಂಟಿನಲ್ಲಿ ಕಿತ್ತಾಡ್ತೀವಿ. ಈ ಮಿತಿಗಳ ಬಗ್ಗೆ, ಚಲನ್ ಬಗ್ಗೆ ಯಾರಾದ್ರೂ ಬರೆದದ್ದು ನೋಡಿದ್ದೀರಾ? ನಾನೂ ಬರೆದಿರಲಿಲ್ಲ.

ಇನ್ನು "ನಮ್ಮ ಟ್ಯಾಕ್ಸ್ ದುಡ್ಡು". ಹೌದು, ನನ್ನ ಸಂಬಳದಲ್ಲೂ ಶಿಕ್ಷಣದ ಹೆಸರಲ್ಲಿ ಸೆಸ್ ಹೋಗುತ್ತೆ. 2004ರಲ್ಲಿ 2 ಪರ್ಸೆಂಟ್ ಅಂತ ಶುರುವಾದದ್ದು, 2018ರಿಂದ ಆರೋಗ್ಯವನ್ನೂ ಸೇರಿಸ್ಕೊಂಡು 4 ಪರ್ಸೆಂಟ್. ಶಿಕ್ಷಣಕ್ಕೆ ಅಂತ ಕಿತ್ಕೊಂಡ ದುಡ್ಡು ಶಿಕ್ಷಣಕ್ಕೆ ಹೋದ್ರೆ ಹೊಟ್ಟೆಉರಿ ಯಾಕೆ? ಚಿಕ್ಕಪ್ಪ ಕೊಳ್ಳೋ ಬಟ್ಟೆಗೆ, ಚಪ್ಪಲಿಗೆ, ಮೊಬೈಲ್ ರೀಚಾರ್ಜಿಗೂ ಜಿಎಸ್‌ಟಿ ಬೀಳುತ್ತೆ. ಅದೂ "ನಮ್ಮ" ಟ್ಯಾಕ್ಸೇ. ನನ್ನ ನಾಲ್ಕು ವರ್ಷದ ಓದಿಗೆ ಸರ್ಕಾರ ಮಾಡಿದ ಖರ್ಚನ್ನ ನಾನು ಆದಾಯ ತೆರಿಗೆಯಾಗಿ ಎಂದೋ ತೀರಿಸಿಯಾಗಿದೆ. ಅಮ್ಮನ ಸರ ಮಾತ್ರ ಯಾರೂ ತಿರುಗಿ ಕೊಡಲಿಲ್ಲ.

ಬೈದದ್ದು ಸಾಕು, ನಿಮ್ಮ ಮನೇಲಿ, ಊರಲ್ಲಿ ಪಿಯುಸಿ ಮಕ್ಕಳಿದ್ರೆ ಉಪಯೋಗಕ್ಕೆ ಬರೋ ನಾಲ್ಕು ಮಾತು:

1. ಆದಾಯ, ಜಾತಿ ಪ್ರಮಾಣಪತ್ರ ಸಿಇಟಿ ಅರ್ಜಿಗೆ ಮೊದಲೇ ಮಾಡಿಸಿ. ಹೆಸರಿನ ಸ್ಪೆಲಿಂಗು ಮಾರ್ಕ್ಸ್ ಕಾರ್ಡು, ಆಧಾರು, ಪ್ರಮಾಣಪತ್ರ ಮೂರರಲ್ಲೂ ಒಂದೇ ಇರಲಿ.

2. ಖಾತೆಗೆ ಆಧಾರ್ ಕೊಟ್ಟಿದ್ದೀವಿ ಅಂದ್ರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು. ದುಡ್ಡು ಕೊನೆಗೆ ಮ್ಯಾಪ್ ಆದ ಬ್ಯಾಂಕಿಗೇ ಹೋಗುತ್ತೆ. ನಮ್ಮ ಹುಡುಗಿಯದು ಎಂಟನೇ ಕ್ಲಾಸಲ್ಲಿ ತೆಗೆಸಿ ಮರೆತುಹೋಗಿದ್ದ ಖಾತೆಗೆ ಮ್ಯಾಪ್ ಆಗಿತ್ತು. ಸರಿ ಮಾಡಿಸೋಕೆ ಚಿಕ್ಕಪ್ಪ ಮೂರು ದಿನದ ಕೆಲಸ ಬಿಟ್ಟ.

3. ಹುಡುಗಿಯರಿಗೆ ಎಐಸಿಟಿಇ ಪ್ರಗತಿ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 50,000. ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು, ಒಂದು ಮನೆಯ ಇಬ್ಬರವರೆಗೆ. ಪಿಯುಸಿಯಲ್ಲಿ ಚೆನ್ನಾಗಿ ಅಂಕ ತೆಗೆದವರಿಗೆ ಕೇಂದ್ರದ ಸ್ಕಾಲರ್‌ಶಿಪ್, ಮೊದಲ ಮೂರು ವರ್ಷ 12,000ದಂತೆ, ಆದಾಯ 4.5 ಲಕ್ಷದೊಳಗೆ. ಎರಡಕ್ಕೂ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್ಲಿನಲ್ಲೇ ಅರ್ಜಿ. ಒಂದು ತಗೊಂಡ್ರೆ ಇನ್ನೊಂದು ಸಿಗುತ್ತಾ ಅಂತ ನಿಯಮ ಓದಿ ಆರಿಸ್ಕೊಳ್ಳಿ.

4. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ರೆ ವಿದ್ಯಾಸಿರಿ ಕೇಳಿ. ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ ಅಂತ ಶುರುವಾದದ್ದು ಅದು. ಪಿಜಿ ಬಾಡಿಗೆಗೆ ಸಾಲಲ್ಲ, ಊಟಕ್ಕೆ ಸ್ವಲ್ಪ ಆಸರೆ.

ಆ ರಾತ್ರಿ ನಾನೇ ಆನ್‌ಲೈನಲ್ಲಿ ಫೀಸು ಕಟ್ಟಿದೆ. ಈಗ ಅವಳು ಕಾಲೇಜಿಗೆ ಹೋಗ್ತಿದ್ದಾಳೆ. ಇದನ್ನ ಓದಿ "ಎಷ್ಟು ಒಳ್ಳೇ ಅಣ್ಣ" ಅಂತ ಮಾತ್ರ ದಯವಿಟ್ಟು ಕಾಮೆಂಟ್ ಹಾಕಬೇಡಿ. ಬೆಂಗಳೂರಲ್ಲಿ ಸಂಬಳ ಎಣಿಸೋ ಅಣ್ಣ ಇದ್ದ ಹುಡುಗಿ ಇಂಜಿನಿಯರಿಂಗಿಗೆ ಹೋದ್ಲು, ಅಷ್ಟೇ ಆದದ್ದು. ಅವಳಿಗಿಂತ ಒಳ್ಳೇ ರ‍್ಯಾಂಕ್ ತೆಗೆದು, ಅಂಥ ಅಣ್ಣ ಇಲ್ಲದ ಹುಡುಗಿ ಚಲನ್ ಕಟ್ಟೋ ದಿನ ದಾಟಿಸಿ ಸುಮ್ಮನೆ ಮನೇಲಿದ್ದಾಳೆ. ಅವಳ ಸೀಟು ಮುಂದಿನ ಸುತ್ತಿಗೆ ಹೋಗುತ್ತೆ. ಅವಳು ಯಾವ ಲೆಕ್ಕಕ್ಕೂ ಬರಲ್ಲ.

ನಾನು ಕೇಳ್ತಿರೋದು ದಾನ ಅಲ್ಲ, ಹೊಸ ಯೋಜನೆನೂ ಅಲ್ಲ. ಕೊಡ್ತೀವಿ ಅಂತ ಈಗಾಗಲೇ ಒಪ್ಪಿಕೊಂಡಿರೋ ದುಡ್ಡನ್ನ ಚಲನ್‌ನಲ್ಲೇ ಕಳೆದು, ಉಳಿದದ್ದನ್ನ ಮಾತ್ರ ಕೇಳಿ ಅಂತ. ನಾಳೆ ಊಟಕ್ಕೆ ಹೋದಾಗ ಆ ಗೆಳೆಯನ ಎದುರಿಗೇ ಕೂತು ಇಷ್ಟನ್ನೂ ಹೇಳ್ತೀನಿ. ನಿಮ್ಮ ಮನೆಯಲ್ಲೂ ಗಿರವಿ ಹೋದ ಸರ, ಬಳೆ, ಹಸು ಏನಾದ್ರೂ ಇದ್ರೆ ಕೆಳಗೆ ಬರೀರಿ. ನಾನು ತಪ್ಪು ಅನ್ನಿಸಿದ್ರೂ ಬರೀರಿ, ಜಗಳ ಆಡೋಣ.