ಹಿತ್ತಿಲಿಲ್ಲದ ಮನೆಗೆ ಕುಂಡದ ಕೈತೋಟ

ಗ್ರಾಮಗಳಲ್ಲಿ ತೋಟಗಾರಿಕೆಯ ಸಂಘಗಳನ್ನು ಸ್ಥಾಪಿಸಬೇಕೆಂಬ ಮಾತನ್ನು ಎತ್ತಿದೊಡನೆ, “ನಮ್ಮಲ್ಲಿ ತೋಟಕ್ಕೇನು ಕಡಮೆ? ನಾವು ಹುಟ್ಟಿ ಬೆಳೆದದ್ದೇ ತೋಟದಲ್ಲಿ, ಸಂಘವೇತಕ್ಕೆ?” ಎಂದು ಕೇಳುವ ಮಹನೀಯರು ಬಹುಮಂದಿ ಉಂಟು. ಪ್ರಶ್ನೆಯು ನ್ಯಾಯವಾದದ್ದೇ. ತೆಂಗು, ಅಡಿಕೆ, ಬಾಳೆಗಳನ್ನು ತಲೆತಲಾಂತರದಿಂದ ಬೆಳೆಸಿಕೊಂಡು ಬಂದವರಿಗೆ ಗಿಡ ನೆಡುವುದನ್ನು ಕಲಿಸಹೊರಡುವುದು ಉದ್ಧಟತನವಾದೀತು. ಆದರೆ ಅದೇ ಗ್ರಾಮದ ಮತ್ತೊಂದು ಕೊನೆಯಲ್ಲಿ, ೩೦ ಅಡಿ ಅಗಲ ೪೦ ಅಡಿ ಉದ್ದದ ನಿವೇಶನದಲ್ಲಿ ಮನೆ ಕಟ್ಟಿಕೊಂಡು, ಬೆಳಗಾದರೆ ತಮ್ಮ ಜಮೀನಿಗೆ ಕೂಲಿಗೆ ಬರತಕ್ಕ ಸಂಸಾರಗಳಿಗೆ ಒಂದು ಕರಿಬೇವಿನ ಗಿಡಕ್ಕೂ ಎಡೆಯಿಲ್ಲವೆಂಬುದನ್ನು ಈ ಮಹನೀಯರು ಗಮನಿಸಿರುವರೇ ಎಂದು ಸಂದೇಹವಾಗುತ್ತದೆ. ಸಂಘವು ಬೇಕಾಗಿರುವುದು ಅವರಿಗಾಗಿ.

ಹಿಂದಿನ ಮನೆಗಳಲ್ಲಿ ಬಚ್ಚಲ ನೀರು ಹರಿದುಹೋಗುವೆಡೆಯಲ್ಲಿ ನಾಲ್ಕು ಬಾಳೆ, ಚಪ್ಪರದ ಮೇಲೆ ಬಸಳೆ, ಬೇಲಿಯಲ್ಲಿ ಒಂದು ನುಗ್ಗೆಯ ಮರ ಇರುತ್ತಿದ್ದುವು. ಇದನ್ನು ಯಾರೂ ತೋಟಗಾರಿಕೆಯೆಂದು ಕರೆಯಲಿಲ್ಲ. ಹಿತ್ತಿಲಿಲ್ಲದವರಿಗೂ ಹೊಲವು ಹಿತ್ತಿಲಾಗಿತ್ತು. ಕಳೆ ಕೀಳಲು ಹೋದ ಹೆಂಗಸರು ಸಂಜೆ ಹಿಂದಿರುಗುವಾಗ ಮಡಿಲಲ್ಲಿ ಅಣ್ಣೆಸೊಪ್ಪು, ಹೊನಗೊನ್ನೆ, ಗೋಣಿಸೊಪ್ಪುಗಳನ್ನು ತುಂಬಿಕೊಂಡು ಬಂದು ಬೆರಕೆಸೊಪ್ಪಿನ ಸಾರು ಮಾಡುತ್ತಿದ್ದರು. ನಮ್ಮ ಹೊಲಗಳಿಗೆ ಕಳೆನಾಶಕದ ಔಷಧಿ ಬಂದಮೇಲೆ ಆ ಸೊಪ್ಪುಗಳು ಕಡಮೆಯಾದುವು. ಇದ್ದರೂ ತಿನ್ನಲು ತಕ್ಕುವಲ್ಲ. ನಮ್ಮ ಕೂಲಿಯ ಖರ್ಚು ಉಳಿಯಿತು, ಅವರ ಸಾರಿನ ಸೊಪ್ಪು ಹೋಯಿತು. ಈ ಲೆಕ್ಕವನ್ನು ನಾವು ಯಾವ ಪುಸ್ತಕದಲ್ಲಿಯೂ ಬರೆದಿಟ್ಟಿಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ೧೫ರಿಂದ ೪೯ ವರ್ಷದೊಳಗಿನ ಸ್ತ್ರೀಯರ ಪೈಕಿ ಹೆಚ್ಚುಕಡಮೆ ಅರ್ಧಪಾಲು ಮಂದಿಗೆ ರಕ್ತಹೀನತೆಯುಂಟೆಂದು ಕಂಡುಬಂದಿತು. ನಾಲ್ಕು ಕುಂಡಗಳ ಸೊಪ್ಪಿನಿಂದ ಇದು ವಾಸಿಯಾಗುವುದೆಂದು ಹೇಳುವಷ್ಟು ಭ್ರಮೆ ನಮಗಿಲ್ಲ. ಆದರೆ ವಾರಕ್ಕೆ ಎರಡು ಸಲವಾದರೂ ಹಸಿರು ಸೊಪ್ಪು ಪಾತ್ರೆಗೆ ಬೀಳುವುದು ಅಲ್ಪವಾದ ಮಾತಲ್ಲ.

ಸಂಘವೆಂದರೆ ನಮ್ಮವರ ಮನಸ್ಸಿಗೆ ಬರುವುದು ಬೆಂಗಳೂರಿನ ಲಾಲ್‌ಬಾಗು. ಅಲ್ಲಿ ೧೯೧೨ರಲ್ಲಿ ಕ್ರುಂಬಿಗಲ್ಲರ ಕಾಲದಲ್ಲಿ ಆರಂಭವಾದ ಮೈಸೂರು ತೋಟಗಾರಿಕಾ ಸಂಘವು ನಾಡಿಗೆ ಮಾಡಿರುವ ಸೇವೆ ದೊಡ್ಡದು. ಗಾಜಿನ ಮನೆಯ ಫಲಪುಷ್ಪ ಪ್ರದರ್ಶನವನ್ನು ಅರಿಯದವರಿಲ್ಲ. ಆದರೆ ಅದನ್ನು ಗ್ರಾಮದಲ್ಲಿ ಹಾಗೆಯೇ ಅನುಕರಿಸಹೋದರೆ ಏನಾಗುವುದೆಂಬುದನ್ನು ನಾನೇ ಕಂಡಿದ್ದೇನೆ. ಒಂದು ಊರಿನ ಪ್ರದರ್ಶನದಲ್ಲಿ ಮೊದಲನೆಯ ಬಹುಮಾನವು, ಮಾಲಿಯನ್ನು ಇಟ್ಟುಕೊಂಡಿದ್ದ ದೊಡ್ಡ ಮನೆಯ ಕ್ರೋಟನ್ ಗಿಡಗಳಿಗೆ ಸಂದಿತು. ಹಳೆಯ ಎಣ್ಣೆಯ ಡಬ್ಬಿಯಲ್ಲಿ ಮೊಣಕಾಲೆತ್ತರ ಬೆಳೆದು ತುಂಬ ಕಾಯಿ ಬಿಟ್ಟಿದ್ದ ಒಂದು ಮೆಣಸಿನ ಗಿಡವನ್ನು, ಡಬ್ಬಿಯು ನೋಟಕ್ಕೆ ಚೆನ್ನಾಗಿಲ್ಲವೆಂದು ಹಿಂದಿನ ಸಾಲಿಗೆ ತಳ್ಳಿದ್ದರು. ಅದನ್ನು ತಂದಿದ್ದಾಕೆ ಮರುವರ್ಷ ಬರಲಿಲ್ಲ. ತೀರ್ಪುಗಾರರಲ್ಲಿ ನಾನೂ ಒಬ್ಬನಾಗಿದ್ದೆನೆಂಬುದನ್ನು ಮರೆಮಾಚತಕ್ಕದ್ದಲ್ಲ.

ಕುಂಡದ ಬೇಸಾಯವು ಕಷ್ಟದ್ದಲ್ಲ. ಮಣ್ಣಿನ ಕುಂಡವೇ ಆಗಬೇಕೆಂಬ ನಿಯಮವೂ ಇಲ್ಲ. ಒಡೆದ ಬಿಂದಿಗೆ, ತಗಡಿನ ಡಬ್ಬಿ, ಗೋಣಿಚೀಲ, ತೂತುಬಿದ್ದ ಬಕೆಟ್ಟು ಯಾವುದಾದರೂ ಸರಿಯೇ. ಕ್ರಿಮಿನಾಶಕ ಔಷಧಿ ತುಂಬಿದ್ದ ಡಬ್ಬಿಯನ್ನು ಮಾತ್ರ, ಎಷ್ಟು ತೊಳೆದರೂ, ಎಂದಿಗೂ ಉಪಯೋಗಿಸಕೂಡದು. ತಳದಲ್ಲಿ ಮೂರು ನಾಲ್ಕು ರಂಧ್ರಗಳನ್ನು ಮಾಡಿ, ಅವುಗಳ ಮೇಲೆ ಹೆಂಚಿನ ಚೂರುಗಳನ್ನು ಕವುಚಿಟ್ಟು, ಕೆಂಪುಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರ ಇವುಗಳನ್ನು ಸಮಪಾಲಾಗಿ ಬೆರೆಸಿ ತುಂಬತಕ್ಕದ್ದು. ಹಸಿಗೊಬ್ಬರವನ್ನು ಹಾಕಿದರೆ ಬೇರು ಬೆಂದುಹೋಗುತ್ತದೆ. ದಂಟು, ಹರಿವೆ, ಮೆಂತ್ಯಗಳಿಗೆ ಆರು ಅಂಗುಲದ ಆಳ ಸಾಕು. ಬದನೆ, ಟೊಮೇಟೊ, ಮೆಣಸಿನಕಾಯಿಗಳಿಗೆ ಒಂದು ಅಡಿ ಬೇಕು. ಮೆಂತ್ಯವು ಮೂರು ನಾಲ್ಕು ವಾರಗಳಲ್ಲಿ ಕೈಗೆ ಬರುವುದು. ಬಸಳೆಯನ್ನು ಬೀಜದಿಂದ ಎಬ್ಬಿಸುವ ಶ್ರಮವೂ ಬೇಡ, ಒಂದು ತುಂಡು ಬಳ್ಳಿ ಊರಿದರೆ ಹತ್ತುವುದು. ಕುಂಡದ ಕೆಳಗೆ ತಟ್ಟೆಯನ್ನಿಟ್ಟು ನೀರು ನಿಲ್ಲಿಸುವ ಅಭ್ಯಾಸವು ಬೇಡ. ಡೆಂಗೀ ಜ್ವರದ ಸೊಳ್ಳೆಯು ಅಂಥ ತಿಳಿನೀರಿನಲ್ಲಿಯೇ ಮರಿಮಾಡುತ್ತದೆ.

ಇನ್ನು ನೀರಿನ ಮಾತು. ಬೇಸಗೆಯಲ್ಲಿ ಕುಡಿಯಲು ನೀರಿಲ್ಲದಿರುವಾಗ ಕುಂಡಗಳಿಗೆಲ್ಲಿಂದ ತರುವುದೆಂದು ನಲ್ಲಿಯ ಬಳಿ ಜಗಳವಾಗುವುದು ಖಂಡಿತ; ಆ ಜಗಳವು ನ್ಯಾಯಕ್ಕಾಗಿ ತಮ್ಮ ಜಗಲಿಗೇ ಬರುವುದು. ಒಂದು ಕುಂಡಕ್ಕೆ ದಿನಕ್ಕೆ ಒಂದೆರಡು ಚೊಂಬು ನೀರು ಸಾಕು. ಅಕ್ಕಿ, ಬೇಳೆ, ತರಕಾರಿಗಳನ್ನು ತೊಳೆದ ನೀರನ್ನು ಚೆಲ್ಲದೆ ಇಟ್ಟುಕೊಂಡರೆ ನಾಲ್ಕೈದು ಕುಂಡಗಳು ಬದುಕುತ್ತವೆ. ಸಾಬೂನಿನ ನೀರನ್ನು ಸೊಪ್ಪಿಗೆ ಹಾಕಬಾರದು. ಕಡುಬೇಸಗೆಯ ಎರಡು ತಿಂಗಳು ಕುಂಡಗಳನ್ನು ನೆರಳಿಗೆ ಸರಿಸಿ, ಬಸಳೆ ದೊಡ್ಡಪತ್ರೆಗಳನ್ನು ಮಾತ್ರ ಉಳಿಸಿಕೊಂಡರೂ ನಷ್ಟವಿಲ್ಲ.

ಭೂಮಾಲೀಕರಿಂದ ಬೇಕಾಗಿರುವುದು ಹಣವಲ್ಲ. ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಸಾಗಿಸುವಾಗ ಒಂದು ಗಾಡಿಯನ್ನು ಸಂಘದ ಪಾಲಿಗೆ ಬಿಡುವುದು, ಒಳ್ಳೆಯ ಗಿಡಗಳ ಬೀಜವನ್ನು ಕೊಯ್ಲಿನಲ್ಲಿ ತೆಗೆದಿಡುವುದು, ಊರಂಚಿನ ಒಂದೆರಡು ಬದುಗಳಿಗಾದರೂ ಕಳೆನಾಶಕವನ್ನು ಸಿಂಪಡಿಸದೆ ಬಿಡುವುದು, ಇಷ್ಟು. ಅಧ್ಯಕ್ಷಪದವಿಯನ್ನು ವಹಿಸದಿರುವುದೂ ಒಂದು ಉಪಕಾರವೇ. ಯಜಮಾನರು ಕುರ್ಚಿಯಲ್ಲಿ ಕುಳಿತ ಸಭೆಯಲ್ಲಿ ಕೂಲಿಯ ಹೆಂಗಸು ತನ್ನ ಬದನೆಗೆ ಹುಳು ಬಿದ್ದಿದೆಯೆಂದು ಬಾಯಿಬಿಟ್ಟು ಹೇಳಳು. ಸ್ತ್ರೀಶಕ್ತಿ ಗುಂಪುಗಳು ಇರುವ ಊರುಗಳಲ್ಲಿ ಅವರಿಗೇ ಇದನ್ನು ಒಪ್ಪಿಸಬಹುದು. ತಿಂಗಳಿಗೊಮ್ಮೆ ಬೀಜ, ಬಳ್ಳಿಗಳನ್ನು ಬದಲಾಯಿಸಿಕೊಳ್ಳಲು ಅಂಗನವಾಡಿಯ ಅಂಗಳವೇ ಸಾಲುವುದು. ಪ್ರದರ್ಶನವನ್ನು ನಡಸುವುದಾದರೆ, ಬಹುಮಾನವು ತಿನ್ನುವ ಗಿಡಕ್ಕಿರಲಿ, ಅದೂ ಐದು ಕುಂಡಗಳಿಗೆ ಮೀರದವರಿಗೆ. ಮುಂಗಾರಿನ ಮೊದಲ ಮಳೆಗೆ ಮುಂಚೆ ಮಣ್ಣು ಗೊಬ್ಬರಗಳು ಸಿದ್ಧವಾಗಿರಬೇಕಾದ್ದರಿಂದ, ಆ ಒಂದು ಗಾಡಿಯ ಮಾತನ್ನು ಯುಗಾದಿಯೊಳಗೇ ಮನೆಯಲ್ಲಿ ಹೇಳಿಟ್ಟರೆ ಒಳ್ಳೆಯದು.