ಬೆಕ್ಕು ಹಾಸಿಗೆ ಒದ್ದೆ ಮಾಡಿದರೆ?

ಮನೆಯಲ್ಲಿ ಸಾಕಿದ ಬೆಕ್ಕು ಒಂದು ದಿನ ಇದ್ದಕ್ಕಿದ್ದಂತೆ ಹಾಸಿಗೆಯ ಮೇಲೆ ಮೂತ್ರ ಮಾಡುತ್ತದೆ. ಮೊದಲ ಸಲ ಬೈಗುಳ, ಎರಡನೆಯ ಸಲ ಪೊರಕೆಯ ಪೆಟ್ಟು. ಮೂರನೆಯ ಸಲಕ್ಕೆ ಗೋಣಿಚೀಲ ಹೊರಬರುತ್ತದೆ. ಬೆಕ್ಕನ್ನು ಅದರೊಳಗೆ ಹಾಕಿ, ಹಿಂದಿರುಗಲು ದಾರಿ ತಿಳಿಯದಷ್ಟು ದೂರ ಒಯ್ದು ಬಿಟ್ಟುಬರುವುದು ನಮ್ಮಲ್ಲಿ ಹಿಂದಿನಿಂದಲೂ ಇರುವ ಪರಿಹಾರ. ಅದೇ ಬೆಕ್ಕು ಕೆಲವು ವಾರಗಳಿಂದ ಹೊಟ್ಟೆಯ ಕೆಳಭಾಗವನ್ನು ನೆಕ್ಕಿ ನೆಕ್ಕಿ ಬೋಳು ಮಾಡಿಕೊಂಡಿತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಈ ಎರಡಕ್ಕೂ ಸಂಬಂಧವಿದ್ದೀತೆ? ಅನೇಕ ಬಾರಿ ಇರುತ್ತದೆ.

ಮೈ ನೆಕ್ಕಿಕೊಳ್ಳುವುದು ಬೆಕ್ಕಿಗೆ ಸಹಜ. ಅದರ ನಾಲಿಗೆಯ ಮೇಲೆ ಹಿಮ್ಮುಖವಾಗಿ ಬಾಗಿದ ಸಣ್ಣ ಮುಳ್ಳುಗಳಿವೆ. ನಮ್ಮ ಉಗುರಿನಲ್ಲಿರುವ ಕೆರಟಿನ್ ಎಂಬ ವಸ್ತುವಿನಿಂದಲೇ ಇವೂ ಆಗಿವೆ. ಈ ಮುಳ್ಳುಗಳ ತುದಿ ಚಮಚದಂತೆ ಟೊಳ್ಳಾಗಿದ್ದು, ಜೊಲ್ಲನ್ನು ಹೀರಿ ಕೂದಲಿನ ಬುಡಕ್ಕೆ ಮುಟ್ಟಿಸುತ್ತದೆ ಎಂಬುದನ್ನು ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಸಂಶೋಧಕರು 2018ರಲ್ಲಿ ತೋರಿಸಿದರು. ಧೂಳು ತೆಗೆಯಲು, ಮೈ ತಂಪಾಗಿಸಿಕೊಳ್ಳಲು ಇದು ಒಳ್ಳೆಯ ಸಾಧನ. ಆದರೆ ಒಂದೇ ಜಾಗವನ್ನು ಮತ್ತೆ ಮತ್ತೆ ಉಜ್ಜಿದರೆ ಈ ಬಾಚಣಿಗೆಯೇ ಉಪ್ಪುಕಾಗದವಾಗುತ್ತದೆ. ಕೂದಲು ತುಂಡಾಗಿ ಚರ್ಮ ಕಾಣಿಸಿಕೊಳ್ಳುತ್ತದೆ.

ಹೀಗೆ ಅತಿಯಾಗಿ ನೆಕ್ಕುವ ಬೆಕ್ಕಿಗೆ ‘ಮನಸ್ಸಿನ ಕಾಯಿಲೆ’ ಎಂಬ ಹಣೆಪಟ್ಟಿ ಹಚ್ಚುವುದು ಸುಲಭ. ಆದರೆ ಅಂಥ ಹಣೆಪಟ್ಟಿ ಹೊತ್ತಿದ್ದ 21 ಬೆಕ್ಕುಗಳನ್ನು ಕೂಲಂಕಷವಾಗಿ ಪರೀಕ್ಷಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ 16 ಬೆಕ್ಕುಗಳಿಗೆ ಇದ್ದದ್ದು ದೈಹಿಕ ಕಾಯಿಲೆ. ಮೂರಕ್ಕೆ ಎರಡೂ ಸೇರಿದ್ದವು. ಬರೀ ಮನಸ್ಸಿನ ತೊಂದರೆ ಇದ್ದದ್ದು ಎರಡಕ್ಕೆ ಮಾತ್ರ! ಅರ್ಧಕ್ಕಿಂತ ಹೆಚ್ಚು ಬೆಕ್ಕುಗಳಿಗೆ ತಿನ್ನುವ ಆಹಾರವೇ ಒಗ್ಗುತ್ತಿರಲಿಲ್ಲ.

ಎಲ್ಲಿ ನೆಕ್ಕುತ್ತದೆ ಎಂಬುದೂ ಒಂದು ಸುಳಿವು. ಸೊಂಟದ ಮೇಲೆ, ಬಾಲದ ಬುಡದಲ್ಲಿ ಕೂದಲು ಹೋಗಿದ್ದರೆ ಚಿಗಟದ ಅಲರ್ಜಿ ಇರಬಹುದು. ‘ನಮ್ಮ ಬೆಕ್ಕಿನಲ್ಲಿ ಒಂದು ಚಿಗಟವೂ ಕಾಣುವುದಿಲ್ಲ’ ಎನ್ನುವವರಿದ್ದಾರೆ. ಕಾಣದಿರಲು ಕಾರಣವಿದೆ: ನೆಕ್ಕುವಾಗ ಬೆಕ್ಕು ಅವನ್ನು ನುಂಗಿಬಿಟ್ಟಿರುತ್ತದೆ. ಹೊಟ್ಟೆಯ ಕೆಳಭಾಗ ಬೋಳಾಗಿದ್ದರೆ ಅಲರ್ಜಿಯ ಜೊತೆಗೆ ಮೂತ್ರಕೋಶದ ನೋವನ್ನೂ ಶಂಕಿಸಬೇಕು. ಕೈ ನೊಂದರೆ ನಾವು ನೀವಿಕೊಳ್ಳುತ್ತೇವೆ, ಬೆಕ್ಕು ನೆಕ್ಕಿಕೊಳ್ಳುತ್ತದೆ.

ಮೂತ್ರಕೋಶಕ್ಕೆ ಉರಿಯೂತವಾದಾಗ ಮರಳಿನ ಟ್ರೇಯಲ್ಲಿ ಕುಳಿತ ಪ್ರತಿ ಸಲವೂ ನೋವು. ಆ ನೋವಿಗೂ ಟ್ರೇಗೂ ಬೆಕ್ಕು ನಂಟು ಕಲ್ಪಿಸಿಕೊಂಡು ಮೆತ್ತನೆಯ ಹಾಸಿಗೆ ಹುಡುಕುತ್ತದೆ. ಎಷ್ಟೋ ಬೆಕ್ಕುಗಳಲ್ಲಿ ಈ ಉರಿಯೂತಕ್ಕೆ ಸೋಂಕಾಗಲಿ ಕಲ್ಲಾಗಲಿ ಕಾರಣವಾಗಿರುವುದಿಲ್ಲ; ದಿನಚರಿ ಏರುಪೇರಾದಾಗ ಅದು ಕೆರಳುತ್ತದೆ. ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಟೋನಿ ಬಫಿಂಗ್‌ಟನ್ ಮತ್ತು ಸಂಗಡಿಗರು ಇಂಥ 20 ಬೆಕ್ಕುಗಳನ್ನೂ ಆರೋಗ್ಯವಾಗಿದ್ದ 12 ಬೆಕ್ಕುಗಳನ್ನೂ 77 ವಾರ ಗಮನಿಸಿ 2011ರಲ್ಲಿ ವರದಿ ಪ್ರಕಟಿಸಿದರು. ದಿನಚರಿ ಬದಲಾದ ವಾರಗಳಲ್ಲಿ ಆರೋಗ್ಯವಂತ ಬೆಕ್ಕುಗಳೂ ತಿನ್ನುವುದನ್ನು ಕಡಿಮೆ ಮಾಡಿದವು, ಟ್ರೇಯ ಹೊರಗೆ ಹೊಲಸು ಮಾಡಿದವು. ಮನೆಗೆ ನೆಂಟರು ಬಂದಾಗ, ಸುಣ್ಣಬಣ್ಣ ನಡೆದಾಗ, ಹೊಸ ಬೆಕ್ಕು ಬಂದಾಗ ತೊಂದರೆ ಶುರುವಾಯಿತೆ ಎಂದು ನೆನಪಿಸಿಕೊಳ್ಳುವುದು ಇದಕ್ಕಾಗಿಯೇ.

ಒಂದು ಎಚ್ಚರಿಕೆ. ಗಂಡು ಬೆಕ್ಕು ಪದೇ ಪದೇ ಕುಳಿತು ಮುಕ್ಕಿರಿದರೂ ಮೂತ್ರ ಬಾರದಿದ್ದರೆ ಒಂದು ರಾತ್ರಿಯೂ ಕಾಯಬಾರದು. ಅದರ ಮೂತ್ರನಾಳ ಬಹಳ ಕಿರಿದು. ಅದು ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲೇ ಪ್ರಾಣ ಹೋಗಬಹುದು.

ಇನ್ನು ಟ್ರೇಯ ವಿಚಾರ. ಹಳ್ಳಿಯ ಬೆಕ್ಕಿಗೆ ಹಿತ್ತಲಿದೆ, ಬೂದಿಗುಂಡಿಯಿದೆ. ಒಂದು ಜಾಗ ಹಿಡಿಸದಿದ್ದರೆ ಇನ್ನೊಂದು. ಮೂರನೆಯ ಮಹಡಿಯ ಫ್ಲ್ಯಾಟಿನ ಬೆಕ್ಕಿಗೆ ಇರುವುದು ಒಂದೇ ಟ್ರೇ. ಅದೂ ವಾಷಿಂಗ್ ಮೆಷಿನ್ನಿನ ಸದ್ದಿನ ಪಕ್ಕದಲ್ಲಿ! ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಹೆಚ್ಚಿಗೆ ಇರಲಿ, ಅವು ಬೇರೆ ಬೇರೆ ಮೂಲೆಗಳಲ್ಲಿರಲಿ ಎನ್ನುತ್ತಾರೆ ಪಶುವೈದ್ಯರು. ಸುವಾಸನೆಯಿಲ್ಲದ ನುಣ್ಣನೆಯ ಮರಳು ಸಾಕು. ಹೊಲಸನ್ನು ದಿನವೂ ತೆಗೆಯಬೇಕು. ಟ್ರೇಯನ್ನು ಫಿನಾಯಿಲ್‌ನಿಂದ ತೊಳೆಯುವುದಂತೂ ಸಲ್ಲದು. ಅದರ ವಾಸನೆಗೆ ಬೆಕ್ಕು ಟ್ರೇ ಬಿಡುವುದು ಒಂದು ಕಡೆ. ಕಾಲಿಗಂಟಿದ ಫಿನಾಯಿಲ್ ನೆಕ್ಕಿದಾಗ ಹೊಟ್ಟೆ ಸೇರಿದರೆ ಬೆಕ್ಕಿನ ಯಕೃತ್ತಿಗೆ ಆ ವಿಷವನ್ನು ಸರಿಯಾಗಿ ಕಳೆಯಲಾಗದು ಎಂಬುದು ಇನ್ನೊಂದು ಕಡೆ. ಇದೇ ಕಾರಣಕ್ಕೆ ನೋವಿಗೆಂದು ಮನೆಯ ಪ್ಯಾರಾಸಿಟಮಾಲ್ ಮಾತ್ರೆ ಕೊಡುವುದೂ ಬೆಕ್ಕಿಗೆ ಮಾರಕ. ನಾಯಿಗೆಂದು ಮಾರುವ ಚಿಗಟದ ಔಷಧಿಯನ್ನೂ ಹಚ್ಚಬಾರದು.

ಬಾಲವೆತ್ತಿ ನಿಂತು ಗೋಡೆಗೆ ಮೂತ್ರ ಸಿಂಪಡಿಸುವುದು ಮಾತ್ರ ಬೇರೆ ವಿಷಯ. ಅದು ತನ್ನ ಸರಹದ್ದಿನ ಗುರುತು. ಸಂತಾನಹರಣ ಶಸ್ತ್ರಕ್ರಿಯೆಯಿಂದ ಬಹುಮಟ್ಟಿಗೆ ನಿಲ್ಲುತ್ತದೆ.

ಹೊಡೆತದಿಂದ ಇವಾವುವೂ ವಾಸಿಯಾಗುವುದಿಲ್ಲ. ಹೆದರಿದ ಬೆಕ್ಕಿನ ಮೂತ್ರಕೋಶ ಇನ್ನಷ್ಟು ಕೆರಳುತ್ತದೆ, ಅಷ್ಟೆ. ಅದರ ಬದಲು ಒಂದು ಚೀಟಿಯಲ್ಲಿ ನಾಲ್ಕು ಸಂಗತಿ ಬರೆದಿಡಬಹುದು: ಎಲ್ಲಿ ನೆಕ್ಕುತ್ತದೆ, ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಕೂರುತ್ತದೆ, ಏನು ತಿನ್ನುತ್ತದೆ, ಮನೆಯಲ್ಲಿ ಏನು ಬದಲಾಗಿದೆ. ಪಶುವೈದ್ಯರಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಬೆಕ್ಕನ್ನು ಚೀಲದಲ್ಲಿ ಹಾಕಿ ಹೊರಗೆ ಒಯ್ಯಲೇಬೇಕೆಂದರೆ, ಆ ಚೀಲವನ್ನು ಪಶು ಆಸ್ಪತ್ರೆಯಲ್ಲಿ ಬಿಚ್ಚುವುದು ಒಳ್ಳೆಯದು.